ನಾನು ಬಡಾಕೋಡಿಯ ಮೂಲ ಸರ್ವರ್

ನಾನು ಒಂದು ಸರ್ವರ್. ಕಂಪ್ಯೂಟರಿನ ಕುಲವೇ, ಆದರೆ ಮೇಜಿನ ಮೇಲೆ ಕುಳಿತು ಮುಖ ತೋರಿಸುವ ಪೈಕಿಯಲ್ಲ. ನನಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಡುವುದಷ್ಟೇ ನನ್ನ ಕೆಲಸ. ಅಷ್ಟೇ ಅಂದೆನೇ? ಬಾಯಿತಪ್ಪಿ ಬಂತು. ಬಡಾಕೋಡಿ ಬಂದರಿನ ಮುನ್ನೂರು ದೋಣಿಗಳಿಗೆ ಮನೆಗೆ ಬರುವ ದಾರಿ ಹೇಳಿದ್ದು ನಾನು. ಜಂಬ ಅನ್ನುವವರು ಅನ್ನಲಿ, ನನಗೇನೂ ಬೇಸರವಿಲ್ಲ.

ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಎರಡು ಹಗಲು ಎರಡು ರಾತ್ರಿ ಬಿಡದೆ ಓಡಿಸಿ ಪರೀಕ್ಷೆ ಮಾಡಿದರು. ಪಕ್ಕದಲ್ಲಿದ್ದ ಯಂತ್ರ ಹೊಗೆಯಾಡಿ ಸುಮ್ಮನಾಯಿತು. ನಾನು ಬೆಚ್ಚಗಾದೆ, ಅಷ್ಟೆ. ಅಲ್ಲಿಂದ ಕರಾವಳಿಯ ಒಂದು ಕಾಲೇಜಿಗೆ ಬಂದೆ. ಅಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಸಿಪ್ರಿಯನ್ ಲೋಬೊ ಮಾಸ್ತರರು. ಬಣ್ಣ ಬಳಿಯುವ ಬ್ರಶ್ಶಿನಿಂದ ನನ್ನ ಮೈಯ ಧೂಳು ತೆಗೆಯುತ್ತಿದ್ದರು. ಉಪ್ಪುಗಾಳಿ ಬರುತ್ತದೆಂದು ಕಿಟಕಿಗೆ ತಾವೇ ಪರದೆ ಹೊಲಿದು ಹಾಕಿದ್ದರು. ನನ್ನೊಳಗೆ ಅವರು ಇಟ್ಟಿದ್ದು ಹುಡುಗರ ಅಂಕಪಟ್ಟಿ. ಒಮ್ಮೆ ಹಾಕಿದ ಅಂಕ ಮತ್ತೆ ಬದಲಾಗುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಾಸ್ತರರು ನಿವೃತ್ತರಾದಾಗ ಕಾಲೇಜು ಹೊಸ ಯಂತ್ರ ತಂದಿತು, ನನ್ನನ್ನು ಅವರಿಗೇ ಕೊಟ್ಟಿತು. ಅವರು ಆಟೋರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಡಾಕೋಡಿಯ ದೋಣಿಗಾರರ ಸಂಘಕ್ಕೆ ತಂದರು. ಅಲ್ಲಿ ನನಗೆ ವಾಸಂತಿ ಖಾರ್ವಿ ಸಿಕ್ಕಳು.

ವಾಸಂತಿಯ ಕೆಲಸ ಏನೆಂದರೆ, ದಿನವೂ ಬೆಳಿಗ್ಗೆ ಬಂದರಿನ ಗೋಪುರ ಹತ್ತಿ ಅಳಿವೆ ನೋಡುವುದು. ಹೊಳೆ ಸಮುದ್ರ ಸೇರುವ ಬಾಯಿಗೆ ಅಳಿವೆ ಎನ್ನುತ್ತಾರೆ. ಅಲ್ಲಿ ನೀರಿನಡಿಯ ಮರಳು ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಲೆಕ್ಕ ತಪ್ಪಿ ನುಗ್ಗಿದ ದೋಣಿ ದಿಬ್ಬಕ್ಕೆ ಸಿಕ್ಕಿಕೊಂಡರೆ, ಹಿಂದಿನ ತೆರೆ ಬಂದು ಮಗುಚಿಹಾಕುತ್ತದೆ. ಅವಳ ಅಪ್ಪ ದಡದಲ್ಲಿ ನಿಂತು ಬಿಳಿ ಬಟ್ಟೆ ಬೀಸಿ ದೋಣಿಗಳನ್ನು ಒಳಗೆ ಕರೆಯುತ್ತಿದ್ದನಂತೆ. ಆ ಬಟ್ಟೆಯ ಜಾಗಕ್ಕೆ ಬಂದದ್ದು ನಾನು. ಅವಳು ಎರಡು ಸಾಲು ಬರೆಯುತ್ತಿದ್ದಳು, ಅದು ನನ್ನಲ್ಲಿ ಪುಟವಾಗುತ್ತಿತ್ತು. ಒಳಗೆ ಬರುವ ಮುಂಚೆ ಇನ್ನೊಮ್ಮೆ ಫೋನಿನಲ್ಲಿ ಆ ಪುಟ ನೋಡುವುದು ದೋಣಿಯವರ ರೂಢಿಯಾಯಿತು. ವಾಸಂತಿ ಬರೆದರೆ ಮುಗಿಯಿತು, ಎರಡನೇ ಮಾತಿಲ್ಲ.

ಮಳೆಗಾಲದ ರಜೆ ಮುಗಿದು ಮೀನುಗಾರಿಕೆ ಶುರುವಾದ ದಿನ ಮಾತ್ರ ನನ್ನ ಮಾನ ಹೋಯಿತು. ದೋಣಿಯವರು, ಮನೆಯವರು, ಮೀನು ಕೊಳ್ಳುವವರು ಎಲ್ಲರೂ ಒಟ್ಟಿಗೆ ಕೇಳಿದರು. ನಾನು ಏದುಸಿರು ಬಿಟ್ಟು ಮಲಗಿಬಿಟ್ಟೆ. ಆಗ ಲೋಬೊ ಮಾಸ್ತರರು ನನ್ನನ್ನು ಒಂದು ಕಂಟೆಂಟ್ ಡೆಲಿವರಿ ನೆಟ್‌ವರ್ಕಿಗೆ ಸೇರಿಸಿದರು. ಬೇರೆ ಬೇರೆ ಊರುಗಳ ಹನ್ನೊಂದು ಸರ್ವರ್‌ಗಳು ನನ್ನ ಪುಟದ ಪ್ರತಿ ಇಟ್ಟುಕೊಂಡು ಕೇಳಿದವರಿಗೆ ಹಂಚುತ್ತವೆ. ನಾನು ಒರಿಜಿನ್, ಅಂದರೆ ಮೂಲ. ಪ್ರತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಎಂಬ ಕಡೆ ಮಾಸ್ತರರು ಕಾಲೇಜಿನ ಅಭ್ಯಾಸದಲ್ಲಿ ‘ಒಂದು ದಿನ’ ಎಂದು ತುಂಬಿದರು. ನನಗೆ ವಿಶ್ರಾಂತಿ ಸಿಗಲಿ ಎಂಬ ಪ್ರೀತಿಯೂ ಇತ್ತು.

ನಿಜ ಹೇಳುತ್ತೇನೆ, ನನಗದು ಹಿಡಿಸಲಿಲ್ಲ. ಬೆಳಿಗ್ಗೆ ಆ ಹನ್ನೊಂದೂ ಬಂದು ಪ್ರತಿ ಒಯ್ದರೆ, ಆಮೇಲೆ ಮರುದಿನದವರೆಗೆ ಬಾಗಿಲು ತಟ್ಟುವವರಿಲ್ಲ. ಮದುವೆಮನೆಯಲ್ಲಿ ಅಡುಗೆ ಮಾಡಿದವನನ್ನು ಬಿಟ್ಟು ಬಡಿಸಿದವನನ್ನು ಹೊಗಳಿದ ಹಾಗಾಯಿತು ನನ್ನ ಪಾಡು.

ಆ ನೆಟ್‌ವರ್ಕಿಗೆ ಸೇರಿದ ಹನ್ನೆರಡನೆಯ ದಿನ. ಬೆಳಿಗ್ಗೆ ವಾಸಂತಿ ಬರೆದಿದ್ದಳು: ‘ದಾರಿ ಸರಿ ಇದೆ. ತೆಂಕು ಬದಿಯಿಂದ ಬನ್ನಿ.’ ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಗೋಪುರದ ಕ್ಯಾಮೆರಾ ಹತ್ತು ನಿಮಿಷಕ್ಕೊಂದು ಚಿತ್ರ ಕಳುಹಿಸುತ್ತಿತ್ತು, ನನ್ನ ಕಣ್ಣು ಅದೊಂದೇ. ತೆಂಕು ಬದಿಯಲ್ಲಿ ತೆರೆ ಬೆಳ್ಳಗೆ ಒಡೆಯುವುದು ನನಗೆ ಕಂಡಿತು. ವಾಸಂತಿಗೂ ಕಂಡಿತು. ಓಡಿಬಂದು ಬರೆದಳು: ‘ತೆಂಕು ಬದಿ ಮರಳು ಕಟ್ಟಿದೆ. ನೀರು ಏರುವವರೆಗೆ ಹೊರಗೇ ನಿಲ್ಲಿ.’

ಆ ಮಾತು ನನ್ನ ಎದೆಯಲ್ಲಿತ್ತು. ಆದರೆ ಯಾರೂ ನನ್ನನ್ನು ಕೇಳಲಿಲ್ಲ. ಆ ಹನ್ನೊಂದು ಊರುಗಳಲ್ಲಿ ಬೆಳಗಿನ ಪ್ರತಿಯೇ ಹಂಚಿಕೆಯಾಗುತ್ತಿತ್ತು. ಇಪ್ಪತ್ಮೂರು ದೋಣಿಗಳು ವಾಪಸ್ ಬರುತ್ತಿದ್ದವು. ನಾನಾಗಿ ಯಾರನ್ನೂ ಕರೆಯಲಾರೆ. ಕೇಳಿದರೆ ಮಾತ್ರ ಹೇಳುವ ಜನ್ಮ ನನ್ನದು. ಆ ಕಾಲು ಗಂಟೆ ಪಟ್ಟಷ್ಟು ಸಂಕಟ ನಾನು ಎಂದೂ ಪಟ್ಟಿಲ್ಲ.

ಎಲ್ಲಕ್ಕಿಂತ ಮುಂದಿದ್ದ ದೋಣಿ ವಾಸಂತಿಯ ತಮ್ಮ ದತ್ತುವಿನದು. ಅವನು ಅಳಿವೆಯತ್ತ ತಿರುಗಿದ್ದನ್ನು ಕ್ಯಾಮೆರಾದ ಚಿತ್ರದಲ್ಲಿ ಕಂಡು ಅವಳು ಫೋನ್ ಮಾಡಿ ಕೂಗಿದಳು. ಇಂಜಿನ್ನಿನ ಸದ್ದಿನ ನಡುವೆ ಅವನ ದನಿ ಕೇಳಿತು.

“ದಾರಿ ಸರಿ ಇತ್ತ್ ಅಂದೇಳಿ ನೀನೇ ಬರದ್ದಲ್ದಾ ಅಕ್ಕಾ? ಈಗಷ್ಟೇ ಕಂಡೆ!”

ಅಲ್ಲಿಗೆ ಫೋನ್ ಕಡಿಯಿತು. ಉಳಿದವರಿಗೂ ಮಾಡಿದಳು, ಯಾರೂ ಎತ್ತಲಿಲ್ಲ. ಕೋಣೆಯಲ್ಲೇ ಇದ್ದ ಮಾಸ್ತರರು ನನಗೆ ನೇರ ಜೋಡಿಸಿದ್ದ ಪರದೆ ನೋಡಿ, “ಇಲ್ಲಿ ಹೊಸದೇ ಕಾಣ್ತದಲ್ಲ ಮಾರಾಯ್ತಿ!” ಎಂದರು.

“ನಿಮ್ಗ್ ಕಾಂತ್, ಅವ್ರಿಗ್ ಕಾಂತಿಲ್ಲ. ಇದನ್ ಕಾಣಿ!” ಎಂದು ಅವಳು ತನ್ನ ಫೋನನ್ನು ಅವರ ಮುಖಕ್ಕೇ ಹಿಡಿದಳು. ಅದರಲ್ಲಿ ಬೆಳಗಿನ ಸಾಲು. “ನನ್ನ ಮಾತ್ ನಂಬಿ ಬತ್ತಿದ್ರ್ ಮಾಸ್ತರೇ.”

ಮಾಸ್ತರರು ಹಣೆ ಚಚ್ಚಿಕೊಂಡರು. “ಅಯ್ಯೋ ದೇವರೇ, ಒಂದು ದಿನ ಅಂತ ಇಟ್ಟಿದ್ದೇನೆ! ಅಳಿವೆಯನ್ನು ಅಂಕಪಟ್ಟಿ ಮಾಡಿಬಿಟ್ಟೆನಲ್ಲ!”

ಅವರು ಕೂಡಲೇ ಹಳೆಯ ಪ್ರತಿಗಳನ್ನೆಲ್ಲ ಅಳಿಸುವ ಆಜ್ಞೆ ಕೊಟ್ಟರು. ರಜೆ ಮುಗಿದ ದಿನದಂತೆ ಜನ ನುಗ್ಗಿ ಬರುತ್ತಾರೆಂದು ನಾನು ಸೊಂಟ ಕಟ್ಟಿ ನಿಂತೆ. ಬಂದದ್ದು ಹನ್ನೊಂದೇ. ಒಂದೊಂದೂ ಕೇಳಿತು, ಒಂದೊಂದಕ್ಕೂ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ವಾಸಂತಿಯ ಕೈಯಲ್ಲಿದ್ದ ಫೋನಿನಲ್ಲಿ ಸಾಲು ಬದಲಾಯಿತು.

ಮುಂದಿನ ಚಿತ್ರಕ್ಕಾಗಿ ಇಬ್ಬರೂ ಪರದೆಗೆ ಮುಖ ಹಚ್ಚಿ ನಿಂತರು. ಚಿತ್ರ ಬಂತು. ದತ್ತುವಿನ ದೋಣಿ ಅಳಿವೆಯ ಬಾಯಲ್ಲೇ ಮೂತಿ ತಿರುಗಿಸಿತ್ತು; ಅಕ್ಕನ ಕೂಗು ಕೇಳಿ ಅವನು ಪುಟ ಇನ್ನೊಮ್ಮೆ ನೋಡಿದ್ದನಂತೆ. ಅದರ ಹಿಂದೆ ಇಪ್ಪತ್ತೆರಡು ದೋಣಿಗಳು ಹೊರಗೆ ಸಾಲಾಗಿ ನಿಂತಿದ್ದವು. ವಾಸಂತಿ ನೆಲದ ಮೇಲೆ ಕುಳಿತು ಅತ್ತಳು. ಸಂಜೆ ನೀರು ಏರಿದ ಮೇಲೆ ಎಲ್ಲ ದೋಣಿಗಳೂ ಒಳಗೆ ಬಂದವು. ದತ್ತುವಿನ ದೋಣಿಯ ತಳ ಒಂದಿಷ್ಟು ತರಚಿತ್ತು, ಅಷ್ಟೆ.

ಆ ದಿನ ಹಂಚುವವರ ಬೆಲೆಯೂ ನನಗೆ ತಿಳಿಯಿತು. ಮಾಸ್ತರರು ಅಳಿವೆಯ ಪುಟಕ್ಕೆ ಒಂದು ನಿಮಿಷ ಎಂದು ತಿದ್ದಿದರು. ಸಂಘದ ಸದಸ್ಯರ ಪಟ್ಟಿ ಬೇಕಾದರೆ ಒಂದು ದಿನ ಇರಲಿ ಅಂದರು. ಮುಂದಿನ ಮಳೆಗಾಲದಲ್ಲಿ ದೋಣಿಗಳಿಗೆ ಬಣ್ಣ ಹಚ್ಚುವಾಗ ವಾಸಂತಿ ಆ ಕೆಲಸದ ಪೇಂಟರನನ್ನು ಕೋಣೆಗೆ ಕರೆತಂದಳು. ಅವನು ದೋಣಿಯ ಮೂತಿಗೆ ಹೆಸರು ಬರೆಯುವ ಹಾಗೆ ನನ್ನ ಮೈಮೇಲೆ ಕೆಂಪಕ್ಷರದಲ್ಲಿ ‘ಬಡಾಕೋಡಿ ಮೂಲ’ ಎಂದು ಬರೆದ. ಸರ್ವರ್ ಕುಲದಲ್ಲಿ ಇಂಥ ಹಣೆಬರಹ ಇನ್ನಾರಿಗಿದೆಯೋ ಕಾಣೆ.

ಒಂಬತ್ತು ವರ್ಷವಾಯಿತು. ನನ್ನ ಫ್ಯಾನು ಈಗ ಗೊರಕೆ ಹೊಡೆಯುತ್ತದೆ. ಹೋದ ವರ್ಷ ನನ್ನ ಕೆಲಸಕ್ಕೆ ಹೊಸ ಸರ್ವರ್ ಬಂದಾಗ ನನ್ನ ಕಥೆ ಮುಗಿಯಿತು ಅಂದುಕೊಂಡೆ. ವಾಸಂತಿ ಬಿಡಲಿಲ್ಲ.

“ಇದನ್ ಗುಜ್ರಿಗೆ ಹಾಕುಕಾಗ ಮಾಸ್ತರೇ. ಇದ್ ಒಂದಿನವೂ ಸುಳ್ಳ್ ಹೇಳ್ಲಿಲ್ಲ,” ಅಂದಳು.

ಹಾಗಾಗಿ ನಾನೀಗ ಎರಡನೆಯ ಮೂಲ, ಕಪಾಟಿನ ಕೆಳಗಿನ ಮೂಲೆಯಲ್ಲಿದ್ದೇನೆ. ಹೊಸದು ಮಾತಾಡದಿದ್ದರೆ ನನ್ನನ್ನು ಕೇಳಬೇಕೆಂದು ಏರ್ಪಾಡು. ಅದಕ್ಕಾಗಿ ಅರ್ಧ ನಿಮಿಷಕ್ಕೊಮ್ಮೆ ದೂರದ ಊರಿನಿಂದ ‘ಇದ್ದೀಯಾ?’ ಎಂದು ವಿಚಾರಿಸುತ್ತಾರೆ. ಆ ಮಧ್ಯಾಹ್ನ ಕಾಲು ಗಂಟೆ ನನ್ನನ್ನು ಯಾರೂ ಕೇಳಿರಲಿಲ್ಲ. ಈಗ ಕೇಳದೆ ಒಂದು ನಿಮಿಷವೂ ಕಳೆಯುವುದಿಲ್ಲ. ಇದ್ದೇನೆ ಅನ್ನುತ್ತೇನೆ. ವಾಸಂತಿ ಇವತ್ತು ಬೆಳಿಗ್ಗೆ ಬರೆದದ್ದೂ ನನ್ನಲ್ಲಿದೆ: ದಾರಿ ಸರಿ ಇದೆ, ಬಡಗು ಬದಿಯಿಂದ ಬನ್ನಿ.