ರೆಕಾರ್ಡಿನ ಮೇಲಿಲ್ಲದ ಹೆಸರು

ಹುಬ್ಬಳ್ಳಿಯ ವಿದ್ಯಾನಗರದ ಸಭಾಂಗಣದಲ್ಲಿ ಒಂದು ಸಿನಿಮಾ ಹಾಡಿಗೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭ. ೧೯೯೮ರ ಒಂದು ಭಾನುವಾರ ಸಂಜೆ. ಐದನೆಯ ಸಾಲಿನಲ್ಲಿ ಶಾಲಾ ಶಿಕ್ಷಕಿ ದುರಗವ್ವ ತನ್ನ ಮಗಳು ಸ್ನೇಹಲ್ ಜೊತೆ ಕುಳಿತಿದ್ದಳು.

ಪರದೆಯ ಮೇಲೆ ಪುಟ್ಟ ಹುಡುಗಿ ಹಾಡುವ ಆ ಜೋಗುಳಕ್ಕೆ ದನಿ ಕೊಟ್ಟವಳು ದುರಗವ್ವನೇ. ಆಗ ಅವಳಿಗೆ ಹನ್ನೆರಡು ವರ್ಷ. ಮದ್ರಾಸಿನ ಸ್ಟುಡಿಯೋದಲ್ಲಿ ಹಾಡು ಮುಗಿದ ಮೇಲೆ ನಿರ್ಮಾಪಕ ಅವಳ ಅಪ್ಪ ಗೋವಿಂದಪ್ಪನಿಗೆ, "ದುರಗವ್ವ ಅಂತ ಬರದ್ರ ರೆಕಾರ್ಡ್ ಯಾರ್ ತಗೋತಾರೋ?" ಎಂದು ನಕ್ಕು, ತನ್ನ ಮಗಳು ಇಂದುಮತಿಯ ಹೆಸರು ಹಾಕಿಸಿದ್ದ. ಆಮೇಲೆ ದುರಗವ್ವ ಯಾರಿಗೆ ಹೇಳಿದರೂ "ಹೌದೇನ್ರಿ?" ಎಂದು ಮುಗುಳ್ನಗುತ್ತಿದ್ದರು. ಅವಳು ಹೇಳುವುದನ್ನೇ ಬಿಟ್ಟಿದ್ದಳು.

ವೇದಿಕೆಯ ಮೇಲೆ ಇಂದುಮತಿಗೆ ಶಾಲು ಹೊದಿಸಿದರು. ಸಂಘಟಕ ರಮಾಕಾಂತ ಅವಳ ಕೈಗೆ ಮೈಕು ಕೊಟ್ಟ.

"ಎರಡ ಸಾಲು ಹಾಡ್ರಿ, ಅಕ್ಕಾರ."

"ಗಂಟಲಾ ಸರಿ ಇಲ್ರಿ."

ಜನ ಬಿಡಲಿಲ್ಲ. ವಾದ್ಯದವರು ಶುರು ಮಾಡಿಯೇಬಿಟ್ಟರು. ದನಿ ಸೇರಬೇಕಾದ ಜಾಗ ಬಂತು, ಹೋಯಿತು. ಮತ್ತೆ ನುಡಿಸಿದರು. ಇಂದುಮತಿಯ ತುಟಿ ಅಲುಗಿತು, ಅಷ್ಟೇ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

"ಅವ್ವಾ, ಏಳು," ಎಂದಳು ಸ್ನೇಹಲ್.

"ಸುಮ್ನ ಕುಂದ್ರು."

"ಈಗ ಹೇಳಲಿಲ್ಲಂದ್ರ ಇನ್ನ್ಯಾವಾಗ ಹೇಳ್ತಿ?"

ದುರಗವ್ವ ವೇದಿಕೆಯತ್ತ ನೋಡಿದಳು. ಸುಳ್ಳುಗಾರ್ತಿ ಎಂದು ಹೊರಹಾಕಿದರೆ? ಅದೂ ಮಗಳ ಎದುರಿಗೆ? ಮೂರನೆಯ ಸಲ ವಾದ್ಯ ಶುರುವಾದಾಗ ಅವಳು ತನಗೇ ತಿಳಿಯದಂತೆ ಎದ್ದು ವೇದಿಕೆಯತ್ತ ನಡೆದಳು. ಮೆಟ್ಟಿಲ ಬಳಿ ರಮಾಕಾಂತ ಕೈ ಅಡ್ಡ ಹಿಡಿದ.

"ಯಾರ್ರಿ ನೀವು? ಕೆಳಗ ಹೋಗ್ರಿ."

"ಆ ಹಾಡು ಹಾಡಿದಾಕಿ ನಾನರಿ."

ಪಕ್ಕದಲ್ಲೇ ನಿಂತಿದ್ದ ಇಂದುಮತಿಯ ಕೈಯಲ್ಲಿನ ಮೈಕಿನಲ್ಲಿ ಮಾತು ಕೇಳಿಸಿತು. ವಾದ್ಯ ನಿಂತಿತು. ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಎಲ್ಲರ ಕಣ್ಣು ಇಂದುಮತಿಯ ಮೇಲೆ. ಅವಳು ದುರಗವ್ವನನ್ನೇ ದಿಟ್ಟಿಸುತ್ತಿದ್ದಳು. "ಅಲ್ಲ" ಎಂಬ ಒಂದು ಮಾತು ಸಾಕಿತ್ತು.

"ಖರೇ," ಎಂದಳು ಇಂದುಮತಿ ಕೊನೆಗೆ. "ಅವತ್ತು ನಾನು ಹೊರಗ ಕುರ್ಚಿ ಮ್ಯಾಲೆ ಕುಂತಿದ್ದೆ. ಒಳಗ ಹಾಡಿದಾಕಿ ಈಕಿ."

ರಮಾಕಾಂತ ಕೈ ಇಳಿಸಿದ. ದುರಗವ್ವ ಮೈಕು ತೆಗೆದುಕೊಂಡು ಮೊದಲು ತನ್ನ ಹೆಸರು ಹೇಳಿದಳು. ಆಮೇಲೆ ಹಾಡಿದಳು. ದನಿ ದಪ್ಪಗಾಗಿತ್ತು, ಮೇಲಿನ ಸ್ವರದಲ್ಲಿ ಒಡೆಯಿತು. ನಿಂತಳು, ಉಸಿರು ಎಳೆದುಕೊಂಡಳು, ಬಿಟ್ಟಲ್ಲಿಂದಲೇ ಹಿಡಿದಳು. ಸಿಳ್ಳೆ ಹಾಕಿದವರೂ ಸುಮ್ಮನಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕುಳಿತರು.

"ಅಪ್ಪಾ ಹೋಗಿ ಆರು ವರ್ಷ ಆತು," ಎಂದಳು ಇಂದುಮತಿ. "ಆಮ್ಯಾಲಾದ್ರೂ ನಾ ಹೇಳಬಹುದಿತ್ತು."

"ಹೌದ್ರಿ, ಹೇಳಬಹುದಿತ್ತು."

ಇಂದುಮತಿ ಕಣ್ಣೊರೆಸಿಕೊಂಡಳು. ದುರಗವ್ವ ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಹೊರಗೆ ಸ್ನೇಹಲ್ ಗುಂಪುಗೂಡಿದ್ದ ಜನರಿಗೆ, ತನ್ನ ಅವ್ವ ಯಾವ ಶಾಲೆಯಲ್ಲಿ ಕಲಿಸುತ್ತಾಳೆಂದು ಯಾರೂ ಕೇಳದೆಯೇ ಹೇಳುತ್ತಿದ್ದಳು.