ನನ್ನ ತಮ್ಮನ ಹನ್ನೊಂದು ಹೊಲಿಗೆ

ಕ್ಯಾಸಂಬಳ್ಳಿ ರಸ್ತೆಯಲ್ಲಿ ಸ್ಕೂಟರ್ ಜಾರಿ ನನ್ನ ತಮ್ಮ ಗಿರಿಯ ಪಾದದ ಕೀಲು ಮುರಿಯಿತು. ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಒಂದು ಪ್ಲೇಟು, ಏಳು ಸ್ಕ್ರೂ ಕೂರಿಸಿ ಹನ್ನೊಂದು ಹೊಲಿಗೆ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದ್ದು ಇಷ್ಟೇ: "ಹದಿನಾಲ್ಕು ದಿನ ಕಟ್ಟು ಬಿಚ್ಚಬೇಡಿ. ಕೀವಾಗಿ ಪ್ಲೇಟಿಗೆ ಇಳಿದರೆ ಕಾಲನ್ನೇ ಕಳಕೊಳ್ಳಬೇಕಾದೀತು." ನಾನು ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ.

ಮೂರನೇ ದಿನ ಆಂಡರ್ಸನ್‌ಪೇಟೆಯ ನಮ್ಮ ಮನೆಗೆ ನರಸಮ್ಮ ದೊಡ್ಡಮ್ಮ ಬ್ರೆಡ್ಡು, ಮೂಸಂಬಿ ಹಿಡಿದು ಊರಿಂದ ಬಂದರು.

"ಎಷ್ಟು ವಲಿಗೆ ಆಕವ್ರೆ ಕಂದಾ?"

"ಅನ್ನೊಂದು, ದೊಡ್ಡಮ್ಮ."

"ಎಲ್ಲಿ, ತೋರ್ಸು."

"ಬಿಚ್ಚಬಾರ್ದಂತೆ ದೊಡ್ಡಮ್ಮ," ಎಂದೆ.

"ಬಸ್ಸತ್ಕೊಂಡು ಬಂದಿದ್ದು ಬಟ್ಟೆ ನೋಡಕ್ಕೇನೇ ಸುಕನ್ಯಾ? ಊರಾಗೆ ಕೇಳಿದ್ರೆ ಏನೇಳ್ಲಿ?"

ಗಿರಿ ಬಿಚ್ಚಿದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಅವನು ಯಾರಿಗೂ ಇಷ್ಟು ಹೆಮ್ಮೆಯಿಂದ ತೋರಿಸಿರಲಿಲ್ಲ, ತೋರಿಸುವಂತೆಯೂ ಇರಲಿಲ್ಲ. ದೊಡ್ಡಮ್ಮ ಬೆರಳಿಟ್ಟು ಎಣಿಸಿದರು. ನಡುವೆ ತಪ್ಪಿತೆಂದು ಮತ್ತೆ ಮೊದಲಿಂದ ಎಣಿಸಿದರು.

ಮರುದಿನದಿಂದ ನೆಂಟರೆಲ್ಲ ಸಾಲುಗಟ್ಟಿದರು. ಮುನಿಶಾಮಿ ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚಿದ ಬೆರಳಲ್ಲೇ ಗಾಯದ ಅಂಚು ಒತ್ತಿ, "ಟೈಲರ್ ಪರ್ವಾಗಿಲ್ಲ ಕಣ್ಲಾ," ಎಂದರು.

ಅವರೆಲ್ಲ ಹೋದ ಮೇಲೆ ನನಗೆ ಗಾಬರಿ. ಕೀವಾಗಿದೆಯೋ ಏನೋ ಎಂದು ಬಿಚ್ಚಿ ನೋಡುತ್ತಿದ್ದೆ. ಕೈ ತೊಳೆದುಕೊಂಡೇ ನೋಡುತ್ತಿದ್ದೆ, ಒರೆಸಿಕೊಳ್ಳುತ್ತಿದ್ದದ್ದು ಸೆರಗಿಗೆ. ಕಟ್ಟಿದ್ದು ಬಿಗಿಯಾಯಿತೇ ಎಂಬ ಅನುಮಾನಕ್ಕೆ ಇನ್ನೊಂದು ಸಲ.

ಒಂಬತ್ತನೇ ದಿನ ಕಾಲು ಕೆಂಪಗೆ ಊದಿ ಚಳಿಜ್ವರ ಬಂತು. ಬಂಗಾರಪೇಟೆಗೆ ಓಡಿದೆವು. ಡಾಕ್ಟರ್ ನಾನು ಹಾಕಿದ ಗಂಟನ್ನೇ ನೋಡುತ್ತಾ ನಿಂತರು.

"ಇದು ನಾವು ಕಟ್ಟಿದ್ದಲ್ಲ. ಎಷ್ಟು ಸಲ ಬಿಚ್ಚಿದ್ರಿ?"

"ನೋಡಕ್ಕೆ ಬಂದೋರಿಗೆ ಒಂದೊಂದ್ಸಲ ಸಾರ್," ಎಂದ ಗಿರಿ. ಆಮೇಲೆ ನನ್ನ ಕಡೆ ತಿರುಗಿದ. "ನಮ್ಮಕ್ಕ ದಿನಕ್ಕೆರಡ್ಸಲ."

ಮತ್ತೆ ಕೊಯ್ದು ತೊಳೆದರು. ಪ್ಲೇಟು ಸದ್ಯಕ್ಕೆ ಉಳಿದಿದೆ, ಇನ್ನೊಮ್ಮೆ ಕೀವಾದರೆ ನಮ್ಮ ಕೈಯಲ್ಲಿಲ್ಲ ಎಂದರು.

ಎರಡು ದಿನ ಬಿಟ್ಟು ದೊಡ್ಡಮ್ಮ ಬ್ರೆಡ್ಡಿನ ಸಮೇತ ವಾರ್ಡಿಗೇ ಬಂದರು.

"ಈಗೆಷ್ಟು ವಲಿಗೆ ಕಂದಾ? ಎಲ್ಲಿ..."

ಗಿರಿ ಹೊದಿಕೆಯನ್ನು ಕಾಲಿಗೆ ಎಳೆದುಕೊಂಡ. "ಎಷ್ಟು ಅಂತ ಡಾಕ್ಟ್ರುನ್ನ ಕೇಳು ದೊಡ್ಡಮ್ಮ. ಕಾಲು ಮಾತ್ರ ತೋರ್ಸಾಕಿಲ್ಲ."

"ಅಯ್ಯೋ, ಇವ್ನಿಗೇನು ಕೊಬ್ಬಮ್ಮಾ!"

ಅವನ ಪರವಾಗಿ ಎರಡು ಮಾತಾಡೋಣವೆಂದು ನಾನು ಬಾಯಿ ತೆರೆದೆ.

"ನೀನು ಮೊದ್ಲು ಕೈ ತೆಗಿಯಕ್ಕಾ," ಎಂದ ಗಿರಿ.

ಹೊದಿಕೆಯ ತುದಿ ನನ್ನ ಕೈಯಲ್ಲಿತ್ತು.