ಮೀನೆಣ್ಣೆ ಬಯಸಿದ ಫೈಬರ್ ದೋಣಿ

ನಾನು ಫೈಬರ್ ದೋಣಿ. ಅಚ್ಚಿನ ಹೊಟ್ಟೆಯಲ್ಲಿ ಹುಟ್ಟಿದವಳು. ತಗಡಿನ ಶೆಡ್ಡೊಂದರಲ್ಲಿ ಕೆಲಸದವರು ಮೊದಲು ಅಚ್ಚಿನ ಒಳಗೆಲ್ಲ ಮೇಣ ಸವರಿದರು; ಇಲ್ಲದಿದ್ದರೆ ದೋಣಿ ಅಚ್ಚಿಗೇ ಅಂಟಿ ಕೂರುತ್ತದೆ. ಅದರ ಮೇಲೆ ಗಾಜಿನ ನಾರಿನ ಚಾಪೆ, ಮೂಗು ಸುಡುವ ರೆಸಿನ್, ಮತ್ತೆ ಚಾಪೆ, ಮತ್ತೆ ರೆಸಿನ್. ಗಟ್ಟಿಯಾದ ಮೇಲೆ ಎಳೆದರೆ ಸಲೀಸಾಗಿ ಕಳಚಿಕೊಂಡು ಬಂದೆ. ಅದೇ ಅಚ್ಚಿನಿಂದ ನನ್ನ ಹಿಂದೆ ಮುಂದೆ ಎಷ್ಟು ಜನ ಬಂದರೋ! ತಾಯಿ ಎಂದು ಯಾರನ್ನು ಕರೆಯಲಿ?

ಮೊದಲ ಯಜಮಾನ ಪ್ರವಾಸಿಗರಿಗೆ ದ್ವೀಪ ತೋರಿಸುವವನು. ಒಂದು ದಿನ ಫೋನಿನಲ್ಲಿ ಹರಟುತ್ತ ನನ್ನನ್ನು ಬಂಡೆಗೆ ಬಡಿದ. ಗಾಯಕ್ಕೆ ಪುಟ್ಟಿ ಮೆತ್ತಿ, ನೀಲಿ ಬಣ್ಣ ಬಳಿದು, ಹೊಸ ಮದುಮಗಳಂತೆ ನಿಲ್ಲಿಸಿ ಮಾರಿಬಿಟ್ಟ. ಹಾಗೆ ನಾನು ಗಂಗೊಳ್ಳಿ ಕಡೆಯ ಹೆರಿಯ ಮೊಗವೀರನ ಕಡಲತಡಿಗೆ ಟೆಂಪೋ ಏರಿ ಬಂದೆ.

ಹೆರಿಯ ಅಲ್ಲಿಯವರೆಗೆ ಇನ್ನೊಬ್ಬರ ಬೋಟಿನಲ್ಲಿ ಬಲೆ ಎಳೆದವನು. ಬೈಗುಳ ತಿಂದು ಸಾಕಾಗಿ, ಆ ಕೆಲಸ ಬಿಟ್ಟು ನನ್ನನ್ನು ಕೊಂಡಿದ್ದ. ನಾನು ಕೈಕೊಟ್ಟರೆ ಅವನು ಮತ್ತೆ ಅದೇ ಬೋಟಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಅಂಥವನು ನನ್ನನ್ನು ಎಷ್ಟು ಮುದ್ದು ಮಾಡಬೇಕಿತ್ತು!

ಆದರೆ ಅಲ್ಲಿ ತೆಂಗಿನ ಮಡಲಿನ ಚಪ್ಪರದ ಕೆಳಗೆ ಅವಳಿದ್ದಳು. ಅವನ ಅಪ್ಪನ ಕಾಲದ ಮರದ ದೋಣಿ. ಮನೆಯವರು ಅವಳನ್ನು ಅಬ್ಬಿ ಎನ್ನುತ್ತಿದ್ದರು, ಅಂದರೆ ಅಮ್ಮ. ಸಂದುಸಂದಿನಲ್ಲಿ ನೀರು ಜಿನುಗುವ ಮುದುಕಿ, ಹೊಳೆಬಾಯಿ ದಾಟುವ ಶಕ್ತಿಯಿಲ್ಲ. ಆದರೂ ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿಯುವ ಮೊದಲು ಹೆರಿಯ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬರಿಗೈಯಲ್ಲಿ ಮೀನೆಣ್ಣೆ ಹಚ್ಚುತ್ತಿದ್ದ. ಹಲಿಗೆ ಹಲಿಗೆಗೂ ತಿಕ್ಕುತ್ತ ಅದೇನೋ ಗುನುಗುತ್ತಿದ್ದ. ನನಗೆ? ಒಂದು ಬಕೆಟ್ ಉಪ್ಪುನೀರು. ನನ್ನ ಹೊಟ್ಟೆ ಉರಿಯದೆ ಇನ್ನೇನಾದೀತು!

ನನ್ನೊಳಗೆ ನೀರು ಸೇರುತ್ತಿದೆ ಎಂದು ಗೊತ್ತಾದಾಗ ಫೈಬರ್ ಕೆಲಸದ ರಮಾನಂದನನ್ನು ಕರೆಸಿದರು. ಅವನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಬಂದ. ಠಣ್, ಠಣ್. ಬಂಡೆ ಬಡಿದಲ್ಲಿ ಡಬ್ ಎಂದಿತು. ಬಣ್ಣ ಕೆರೆದ. ಗಾಯ ಹೊರಬಿತ್ತು.

"ಹ್ವಾಯ್ ಹೆರಿಯಣ್ಣ, ಬಣ್ಣ ಕಂಡ್ ಮಳ್ಳಾದ್ರಲೆ ನೀವ್! ಪದರದ್ ಒಳ್ಗೆ ನೀರ್ ಕೂತಿತ್ತ್."

"ಎಂತ ಮಾಡುದ್ ಈಗ?" ಎಂದಳು ಹೆರಿಯನ ಹೆಂಡತಿ ಗುಲಾಬಿ. ಅವಳ ಮುಖ ಬಾಡಿಹೋಗಿತ್ತು.

"ಕೊಳ್ತದ್ ತೆಗಿತೆ. ಒಣಗುಕೆ ಬಿಡ್ಕ್. ಆಮೇಲೆ ಹೊಸ ಚಾಪೆ ಹಾಕುವ."

ಮೆತ್ತಗಾದದ್ದನ್ನೆಲ್ಲ ಉಜ್ಜಿ ತೆಗೆದು ಅವನು ಹೋದ. ಬಿಸಿಲಿಗೆ ಹೊಟ್ಟೆ ತೆರೆದುಕೊಂಡು ಮಲಗಿದೆ. ಎದುರಿಗೇ ಆ ಮುದುಕಿಗೆ ಎಣ್ಣೆಯ ಸೇವೆ. ನನ್ನನ್ನೂ ಒಮ್ಮೆ ಮುಟ್ಟೋ ಮಾರಾಯ ಎಂದು ಕೂಗಬೇಕೆನಿಸಿತು.

ರಮಾನಂದ ತೇಪೆ ಹಾಕಲು ಮತ್ತೆ ಬರುವ ಹಿಂದಿನ ಸಂಜೆ ಹೆರಿಯ ನನ್ನ ಬಳಿ ಬಂದ. ಬಿಳಚಿಕೊಂಡು ನಾರು ಎದ್ದ ಗಾಯ ನೋಡಿದ. "ಪಾಪ," ಎಂದ. ಕೈಯಲ್ಲಿ ಉಳಿದಿದ್ದ ಎಣ್ಣೆಯನ್ನು ಗಾಯಕ್ಕೆಲ್ಲ ಸವರಿದ. ಅವನ ಅಂಗೈಯ ಒರಟು, ಆ ಬಿಸುಪು! ಚಪ್ಪರದ ಕಡೆ ನೋಡಿ ಮನಸ್ಸಿನಲ್ಲೇ ಅಂದೆ: ಕಂಡ್ಯಾ ಮುದುಕಿ?

ಮರುದಿನ ರಮಾನಂದ ಗಡಿಬಿಡಿಯಲ್ಲಿ ಬಂದು, ಧೂಳು ಒರೆಸಿ ತೇಪೆ ಹಾಕಿ ಹೋದ. ಆ ದಡದಲ್ಲಿ ಮೀನಿನ ವಾಸನೆಯನ್ನು ಯಾರು ಗಮನಿಸುತ್ತಾರೆ?

ತೇಪೆ ಗಟ್ಟಿಯಾದ ಮೇಲೆ, ರಮಾನಂದನೂ ದಡದಲ್ಲಿ ನಿಂತು ನೋಡುತ್ತಿದ್ದಂತೆ, ಹೆರಿಯ ಒಬ್ಬನೇ ನನ್ನನ್ನು ಕಡಲಿಗಿಳಿಸಿದ. ಎರಡು ತೆರೆ ದಾಟಿದ್ದೆವು. ಮೂರನೆಯದು ಬಡಿದಾಗ ತೇಪೆಯ ಅಂಚು ಎದ್ದಿತು. ಅಚ್ಚಿನ ಮೇಣ ನೆನಪಾದದ್ದು ಆಗ. ಅವತ್ತು ನಾನು ಕಳಚಿಕೊಂಡ ಹಾಗೇ ತೇಪೆ ಸಲೀಸಾಗಿ ಕಳಚಿಹೋಯಿತು. ನೀರು ನುಗ್ಗಿತು, ಇಂಜಿನ್ ನಿಂತಿತು. ಹೆರಿಯ ಹುಚ್ಚನಂತೆ ನೀರು ಮೊಗೆಯತೊಡಗಿದ.

ದಡದಿಂದ ಯಾರು ಬಂದರು ಹೇಳಿ? ಅವಳೇ! ಗುಲಾಬಿ ಮತ್ತು ರಮಾನಂದ ಹುಟ್ಟು ಹಾಕುತ್ತ ಅಬ್ಬಿಯನ್ನು ತಂದರು. ನನ್ನ ಮೂತಿಗೆ ಹಗ್ಗ ಬಿಗಿದು ಎಳೆದಳು ಮುದುಕಿ. ಅವಳ ಹಲಿಗೆಗಳು ಕಿರುಗುಟ್ಟಿದ್ದು ನನಗೆ ಕೇಳಿಸುತ್ತಿತ್ತು. ದಡ ಮುಟ್ಟುವಾಗ ತೆರೆ ಎತ್ತಿ ಹಾಕಿತು. ಅವಳ ಅಡಿಯ ಬೆನ್ನುಮರ ಮುರಿಯಿತು.

"ಎಣ್ಣಿ ಹಚ್ಚಿದ್ ಯಾರ್?" ಕಿತ್ತ ಜಾಗ ಮೂಸಿ ರಮಾನಂದ ಕೂಗಿದ.

"ನಾನೇ. ಪಾಪ ಅನ್ಸ್ತ್."

"ಪಾಪ ಅಂಬ್ರ್! ಮರ ಎಣ್ಣಿ ಕುಡಿತ್ತ್, ಇದ್ ಕುಡುದಿಲ್ಲೆ ಮಾರಾಯ್ರೆ. ಎಣ್ಣಿ ಮೇಲೆ ರೆಸಿನ್ ಹಿಡುದಿಲ್ಲೆ!"

ಹೆರಿಯ ಮುರಿದ ಅಬ್ಬಿಯ ಪಕ್ಕ ಕೂತು ಮಗುವಿನಂತೆ ಅತ್ತ. ನಾನೂ ಮುರಿದೇ ಇದ್ದೆ. ನನ್ನ ಪಕ್ಕ ಯಾರೂ ಕೂರಲಿಲ್ಲ.

ರಮಾನಂದ ಈ ಸಲ ಗಾಯವನ್ನು ಥಿನ್ನರಿನಲ್ಲಿ ತೊಳೆದು, ಗಟ್ಟಿ ನಾರು ಸಿಗುವವರೆಗೆ ಉಜ್ಜಿ, ಒಳಗೂ ಹೊರಗೂ ಚಾಪೆ ಹಾಕಿದ. ತಟ್ಟಿದರೆ ಠಣ್ ಎಂದಿತು. ಅಬ್ಬಿಯನ್ನು ಬಿಚ್ಚಿದರು. ಒಂದು ಹಲಿಗೆಯನ್ನು ಹೆರಿಯ ಉಳಿಸಿಕೊಂಡು, ಬೋಲ್ಟು ಹಾಕಿ ನನ್ನೊಳಗೆ ಕೂರುವ ಮಣೆ ಮಾಡಿಸಿಕೊಂಡ. ಸವತಿಯನ್ನು ನನ್ನ ಹೊಟ್ಟೆಯೊಳಗೇ ತಂದಿಟ್ಟ! ಅಲ್ಲಿಂದ ಮುಂದೆ ಅವನು ಇನ್ನೊಬ್ಬರ ಬಲೆ ಎಳೆಯಲಿಲ್ಲ. ಬಂಗುಡೆ, ಬೂತಾಯಿ ಮೀನು ಹೊತ್ತು ತಂದವಳು ನಾನು. ಅವನು ಕೂತದ್ದು ಮಾತ್ರ ಅವಳ ಮೇಲೆ.

ಈಗ ನನಗೂ ವಯಸ್ಸಾಯಿತು. ಇಂಜಿನ್ ಇಲ್ಲ. ಅದೇ ಚಪ್ಪರದ ಕೆಳಗೆ ಇದ್ದೇನೆ. ಮಳೆ ಕಳೆದಾಗ ಹೆರಿಯ ಈಗಲೂ ಬರುತ್ತಾನೆ, ಆ ಮಣೆಗೆ ಎಣ್ಣೆ ಹಚ್ಚುತ್ತಾನೆ. ಈ ಸಲ ಡಬ್ಬಿ ವಾಲಿ ತುಸು ಎಣ್ಣೆ ಕೆಳಗೆ, ನನ್ನ ತೇಪೆಯ ಮೇಲೆ ಚೆಲ್ಲಿತು.

"ಅಯ್ಯೋ, ಇದಕ್ಕೆ ಎಣ್ಣಿ ಆತಿಲ್ಲೆ," ಎಂದು ಗಾಬರಿಯಾದ. ಹೆಗಲ ಬೈರಾಸಿನಿಂದ ಒರೆಸಿದ, ಆಮೇಲೆ ಅಂಗೈಯಿಂದ ಸವರಿ ನೋಡಿದ, ಮತ್ತೆ ಒರೆಸಿದ. ಇನ್ನೆಂದೂ ಕಡಲಿಗಿಳಿಯದ ನನ್ನ ಗಾಯವನ್ನು ಎಣ್ಣೆ ತಾಗದಂತೆ ಅಷ್ಟು ಹೊತ್ತು ಕಾದ.

ಮಣೆಗೆ ಹಚ್ಚಬೇಕಿದ್ದ ಎಣ್ಣೆ ಡಬ್ಬಿಯಲ್ಲೇ ಉಳಿಯಿತು. ಮುದುಕಿ ಈ ವರ್ಷ ಕಾಯಲಿ.